ಮೂರನೆಯ ಸಾಲು

ಅವರ ಹೆಸರನ್ನು ಈ ಬರಹದಲ್ಲಿ ಎಲ್ಲಿಯೂ ಬರೆಯುವುದಿಲ್ಲ. ಒಮ್ಮೆ ಬರೆದಿದ್ದೆ. ಬರೆಯಬೇಡಿ ಎಂದು ಅವರು ಕೇಳಿಕೊಂಡಿದ್ದರೂ ಬರೆದಿದ್ದೆ, ಅದೂ ಅಚ್ಚಿನಲ್ಲಿ. ಆ ಒಂದು ಕಾರಣಕ್ಕೆ ಅವರು ಹನ್ನೊಂದು ವರ್ಷ ನಿಂತು ದುಡಿದ ಅಂಗಡಿಯನ್ನು, ಬಾಡಿಗೆಯ ಒಂಟಿ ಕೋಣೆಯನ್ನು, ತಾವೇ ನೆಟ್ಟ ಮೆಣಸಿನ ಗಿಡಗಳನ್ನು ಬಿಟ್ಟು ಹೋಗಬೇಕಾಯಿತು. ಕಳೆದ ತಿಂಗಳು ಅವರು ತೀರಿಕೊಂಡರೆಂದು ಸುದ್ದಿ ಬಂದಿತು. ಅನ್ಯಾಯ ಕಂಡಲ್ಲಿ ಅದನ್ನು ಹೆಸರು ಹಿಡಿದು ಕರೆಯಬೇಕು ಎಂಬ ಪಾಠದಲ್ಲಿ ಬೆಳೆದವಳು ನಾನು. ಈ ಬರಹದಲ್ಲಿ ಅನ್ಯಾಯಗಳು ಹಲವು ಬರುತ್ತವೆ. ಅವುಗಳಲ್ಲಿ ಒಂದು ನನ್ನದು.

ನಾನು ಅಮೆರಿಕದ ವಾಲ್ನಟ್ ಕ್ರೀಕಿಗೆ ಬಂದದ್ದು ತೊಂಬತ್ತೆಂಟರಲ್ಲಿ, ಗಂಡನ ವೀಸಾಕ್ಕೆ ಅಂಟಿಕೊಂಡ ಅವಲಂಬಿತಳಾಗಿ. ಆ ವೀಸಾದಲ್ಲಿ ಬಂದವರು ಸಂಬಳಕ್ಕೆ ದುಡಿಯುವಂತಿರಲಿಲ್ಲ. ಓದಿದ ಹೆಂಗಸೊಬ್ಬಳನ್ನು ಕಾನೂನಿನ ಕೈಯಿಂದಲೇ ಅಡುಗೆಮನೆಗೆ ಕಳುಹಿಸುವ ಈ ಏರ್ಪಾಡು ಅನ್ಯಾಯವೆಂದು ನಾನು ಕನ್ನಡದವರು ಮನೆಗೊಂದು ಅಡುಗೆ ತಂದು ಸೇರುವ ಒಂದು ಪಾಟ್‌ಲಕ್ ಊಟದಲ್ಲಿ ಹೇಳಿದೆ. ಕೇಳಿದವರು ನಕ್ಕು ಷೇರುಗಳ ಮಾತಿಗೆ ಮರಳಿದರು. ಯಾರ ಕಂಪನಿ ಯಾವಾಗ ಷೇರುಪೇಟೆಗೆ ಬರುತ್ತದೆ, ಯಾರು ಫಾಸ್ಟರ್ ಸಿಟಿಯಲ್ಲಿ ನೀರಿನಂಚಿನ ಮನೆ ನೋಡಿ ಬಂದರು. ಆ ವರ್ಷಗಳಲ್ಲಿ ಬೇರೆ ಮಾತು ಇರಲಿಲ್ಲ. ಗಂಡ ಬೆಳಿಗ್ಗೆ ಏಳಕ್ಕೆ ಬಾರ್ಟ್ ರೈಲು ಹತ್ತಿ ಸ್ಯಾನ್ ಫ್ರಾನ್ಸಿಸ್ಕೋಗೆ ಹೋದರೆ ಮರಳುವುದು ಏಳಕ್ಕೆ. ನಡುವಿನ ಹನ್ನೆರಡು ಗಂಟೆಗಳಲ್ಲಿ ನನ್ನೊಡನೆ ಮಾತಾಡುತ್ತಿದ್ದದ್ದು ಫೋನಿನ ಉತ್ತರಿಸುವ ಯಂತ್ರದ ಮೇಲೆ ಬಂದು ಕೂರುವ ಮಾರಾಟಗಾರರ ದನಿಗಳು ಮಾತ್ರ.

ನಮ್ಮ ಬೀದಿಯ ಕೊನೆಯ ಅಂಗಡಿಸಾಲಿನಲ್ಲಿ ಒಂದು ಮದ್ಯದಂಗಡಿ ಇತ್ತು, ಅದರ ಎದುರು ರಸ್ತೆ ದಾಟಿದರೆ ಪ್ರಾಥಮಿಕ ಶಾಲೆ. ನಾನು ವಿದ್ಯಾರ್ಥಿಯಾಗಿದ್ದಾಗ ಹಳ್ಳಿಯ ಹೆಂಗಸರ ಜೊತೆ ಸಾರಾಯಿ ಅಂಗಡಿಗಳ ಮುಂದೆ ಧರಣಿ ಕೂತವಳು. ಕೈ ಸುಮ್ಮನಿರಲಿಲ್ಲ. ಒಂದು ಮನವಿಪತ್ರ ಬರೆದು, ನೆರೆಯ ಕೆಲವು ತಾಯಂದಿರ ಸಹಿ ಪಡೆದು, ಮೊದಲು ಅಂಗಡಿಯವರಿಗೇ ತೋರಿಸುವುದು ನ್ಯಾಯವೆಂದು ಒಳಗೆ ಹೋದೆ.

ಗಲ್ಲಾದ ಹಿಂದೆ ಐವತ್ತರ ಆಸುಪಾಸಿನ ಕುಳ್ಳಗಿನ ಮನುಷ್ಯ. ಕುತ್ತಿಗೆಯವರೆಗೆ ಗುಂಡಿ ಹಾಕಿದ ಇಸ್ತ್ರಿ ಅಂಗಿ, ಕಿವಿಯ ಮೇಲೆ ಪೆನ್ಸಿಲ್. ಅವರು ನನ್ನ ಮುಖ ನೋಡಲಿಲ್ಲ, ಹೆಗಲಿನ ಬಟ್ಟೆಚೀಲವನ್ನು ನೋಡಿದರು.

“ಸಾರಾಯಿ ಬೇಡ, ಶಾಲೆ ಬೇಕು,” ಎಂದು ಚೀಲದ ಮೇಲಿನ ಕನ್ನಡವನ್ನು ಗಟ್ಟಿಯಾಗಿ ಓದಿದರು. “ಒಳ್ಳೆ ಚೀಲ. ಇದನ್ನು ಹಾಕ್ಕೊಂಡು ಸೀದಾ ಸಾರಾಯಿ ಅಂಗಡಿಗೇ ಬಂದಿದ್ದೀರಲ್ಲ ಮಾರಾಯ್ರೆ!”

ಕರಾವಳಿಯ ಕನ್ನಡ. ನನಗೆ ಕಣ್ಣು ತುಂಬಿತು, ಅದಕ್ಕೆ ಸಿಟ್ಟೂ ಬಂತು. ಮನವಿಪತ್ರವನ್ನು ಮುಂದಿಟ್ಟೆ. ಪೆನ್ಸಿಲ್ಲಿನ ತುದಿಯನ್ನು ಸಾಲಿನ ಕೆಳಗೆ ಓಡಿಸುತ್ತ ಪೂರ್ತಿ ಓದಿದರು.

“ಅಂಗಡಿ ಮುಚ್ಚಲಿಕ್ಕೆ ಆಗ್ಲಿಕ್ಕಿಲ್ಲ, ನನಗೆ ಅನ್ನ ಬೇಕಲ್ಲ. ಆದ್ರೆ ನೀವು ಮುಖ್ಯದ್ದೇ ಬರೀಲಿಲ್ಲ.” ಗಲ್ಲಾದ ಮುಂದೆ, ನನ್ನ ಸೊಂಟದ ಎತ್ತರದಲ್ಲಿ, ಮಿಠಾಯಿಗಳ ಪಕ್ಕದಲ್ಲಿ ಜೋಡಿಸಿದ್ದ ಬೆರಳುದ್ದದ ಮದ್ಯದ ಬಾಟಲಿಗಳನ್ನು ತೋರಿಸಿದರು. “ಇದು ಯಾರ ಕಣ್ಣಿನ ಎತ್ತರ ಹೇಳಿ? ಹಾಲು ತಗೊಳ್ಳಲಿಕ್ಕೆ ಅಮ್ಮನ ಜೊತೆ ಬರುವ ಮಗುವಿನದ್ದು.”

ನಾನು ಬರೆದುಕೊಂಡೆ. ಮರುದಿನ ಹೋದಾಗ ಆ ಬಾಟಲಿಗಳೆಲ್ಲ ಅವರ ಬೆನ್ನ ಹಿಂದಿನ ಮೇಲಿನ ಹಲಗೆಗೆ ಏರಿದ್ದವು. ಮಾಲೀಕನನ್ನು ಕೇಳದೆ ತಾವೇ ಎತ್ತಿಟ್ಟಿದ್ದರು. ಹಾಗಾದರೆ ಮನವಿಗೆ ಸಹಿಯನ್ನೂ ಹಾಕಿ ಎಂದೆ.

“ಬೇರೆ ಎಂತ ಬೇಕಾದ್ರೂ ಕೇಳಿ ಟೀಚರೇ. ಸಹಿ ಮಾತ್ರ ಕೇಳ್ಬೇಡಿ.”

ನಾನು ಟೀಚರ್ ಆಗಿರಲಿಲ್ಲ. ಅಂದಿನಿಂದ ಕೊನೆಯವರೆಗೂ ಅವರ ಬಾಯಲ್ಲಿ ನಾನು ಟೀಚರೇ ಆದೆ, ನನ್ನ ಬಾಯಲ್ಲಿ ಅವರು ಅಣ್ಣ. ಅಂಗಡಿಯಲ್ಲಿ ಉಳಿದವರು ಅವರನ್ನು ಒಂದು ಗಿಡ್ಡ ಇಂಗ್ಲಿಷ್ ಹೆಸರಿನಿಂದ ಕರೆಯುತ್ತಿದ್ದರು. ಬಿಳಿಯರ ನಾಲಿಗೆಯ ಸೋಮಾರಿತನಕ್ಕಾಗಿ ನಮ್ಮವರು ತಮ್ಮ ಹೆಸರುಗಳನ್ನು ಕತ್ತರಿಸಿಕೊಡುವುದು ನನಗೆ ದೊಡ್ಡ ಅವಮಾನವಾಗಿ ಕಾಣುತ್ತಿತ್ತು. ಎಷ್ಟೋ ವಾರಗಳ ನಂತರ ಅವರ ಅಪ್ಪ ಅಮ್ಮ ಇಟ್ಟ ಹೆಸರನ್ನು, ಉಡುಪಿ ಕಡೆಯ ಅವರ ಹಳ್ಳಿಯ ಹೆಸರನ್ನು ಒತ್ತಾಯ ಮಾಡಿ ಕೇಳಿದೆ. ಅವರು ಬಾಗಿಲ ಕಡೆಗೊಮ್ಮೆ ನೋಡಿ, ಮೆಲ್ಲಗೆ ಹೇಳಿದರು. “ನಿಮ್ಮ ಹತ್ರ ಇರ್ಲಿ. ಎಲ್ಲಿಯೂ ಬರೀಬೇಡಿ,” ಎಂದರು. ಇದು ತುಳಿತಕ್ಕೊಳಗಾದವರ ಸಂಕೋಚ, ಇದನ್ನು ಬಿಡಿಸಬೇಕು ಎಂದುಕೊಂಡೆ. ಬಾಗಿಲ ಕಡೆ ಏಕೆ ನೋಡಿದರು ಎಂದು ಕೇಳಿಕೊಳ್ಳಲಿಲ್ಲ.

ಅವರು ಕುಡಿಯುತ್ತಿರಲಿಲ್ಲ. ಹೊಸ ಬಾಟಲಿ ತೆರೆದು ರುಚಿಗೆ ಕೊಡುವ ದಿನ ಅಂಗೈಯಲ್ಲಿ ನಾಲ್ಕು ಹನಿ ಹಾಕಿಕೊಂಡು, ಎರಡೂ ಅಂಗೈಗಳನ್ನು ಚಳಿಗೆ ಉಜ್ಜುವಂತೆ ಉಜ್ಜಿ, ಮುಖಕ್ಕೆ ಮುಚ್ಚಿಕೊಳ್ಳುತ್ತಿದ್ದರು. ಪ್ರಾರ್ಥನೆ ಮಾಡುವವರ ಹಾಗೆ ಕಾಣುತ್ತಿತ್ತು. “ಮೊದಲು ಖಾರ ಹಾರಿ ಹೋಗ್ಬೇಕು. ಆಮೇಲೆ ಧಾನ್ಯ ಬರ್ತದೆ. ಕೊನೆಗೆ ಮರ.” ಧಾನ್ಯ ಮೆಕ್ಕೆಜೋಳವೋ, ಗೋಧಿಯ ಸೋದರಿಯಾದ ರೈ ಎಂಬ ಒರಟು ಧಾನ್ಯವೋ ಎಂದು ಅಂಗೈಯಿಂದಲೇ ಹೇಳುತ್ತಿದ್ದರು.

ಅದೇ ಸಾಲಿನಲ್ಲಿ, ಎರಡು ಅಂಗಡಿ ಆಚೆ, ಮೈಸೂರಿನ ಶಾಹಿದಾ ಆಪಾ ಒಂದು ಕಿರಾಣಿ ಅಂಗಡಿ ನಡೆಸುತ್ತಿದ್ದರು. ಅವರಲ್ಲಿ ಸಾಮಾನು ತರಲು ಹೋಗುವ ಮೊದಲು ಇವರು ಹಿಂದಿನ ನಲ್ಲಿಯಲ್ಲಿ ನಿಂಬೆಸಿಪ್ಪೆ ಹಾಕಿ ಕೈ ತಿಕ್ಕಿ ತೊಳೆಯುವರು. ಅಷ್ಟಾದ ಮೇಲೂ ಹೊಸ್ತಿಲಲ್ಲೇ ನಿಂತು, “ಒಂದು ಪ್ಯಾಕೆಟ್ ಚಕ್ಕುಲಿ ಕೊಡಿ ಆಪಾ,” ಎನ್ನುವರು. “ಒಳಗೆ ಬನ್ನಿ ಭಾಯಿ, ನಿಮ್ಮ ಕೈನಲ್ಲಿ ನಿಂಬೆಹಣ್ಣು ಬಿಟ್ರೆ ಇನ್ನೇನೂ ವಾಸನೆ ಇಲ್ಲ,” ಎಂದು ಅವರೂ ಪ್ರತಿ ಸಲ ಕರೆಯುವರು. ಇವರು ಒಳಗೆ ಹೋದದ್ದನ್ನು ನಾನು ನೋಡಲಿಲ್ಲ.

ಅವರ ನಿಜವಾದ ಕೆಲಸ ಚೀಟಿಗಳದ್ದು. ಆಗ ಅಮೆರಿಕದ ವಿಸ್ಕಿಗೆ ಬೆಲೆ ಇರಲಿಲ್ಲ. ಜನ ವೋಡ್ಕಾ ಕೇಳುತ್ತಿದ್ದರು, ಮೆಕ್ಕೆಜೋಳದಿಂದ ಮಾಡುವ ಬರ್ಬನ್ ವಿಸ್ಕಿಯ ಬಾಟಲಿಗಳು ಕೆಳಗಿನ ಹಲಗೆಯಲ್ಲಿ ಧೂಳು ಹಿಡಿದು ಕೂತಿರುತ್ತಿದ್ದವು. ಹೊಸ ಕಂಪನಿಗಳ ಹುಡುಗರು ಬಂದು ಹಳೆಯದನ್ನು, ವಿಶೇಷವಾದದ್ದನ್ನು ಕೇಳತೊಡಗಿದಾಗ ಇವರು ಪ್ರತಿ ಬಾಟಲಿಯ ಕೆಳಗೆ ಕೈಬರಹದ ಚೀಟಿ ಅಂಟಿಸತೊಡಗಿದರು. ಮೂರೇ ಸಾಲು. ಮೊದಲನೆಯದು ಧಾನ್ಯ. ಎರಡನೆಯದು ನೆಲ, ನೀರು, ಕಥೆ. ಮೂರನೆಯದು ದುಡಿದವರು.

ಚೀಟಿಯನ್ನು ಮೊದಲು ಗಲ್ಲಾಯಂತ್ರದ ಕಾಗದದ ಸುರುಳಿಯ ಹಿಂಬದಿಯಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದರು. ಏಳನೆಯ ತರಗತಿಗೆ ಬಿಟ್ಟ ಶಾಲೆ, ಇಂಗ್ಲಿಷ್ ಓದುತ್ತಿದ್ದರು, ಬರೆಯಲು ಹೆದರುತ್ತಿದ್ದರು. ಗುರುವಾರ ಮಧ್ಯಾಹ್ನ ಗಿರಾಕಿ ಕಡಿಮೆ. ನಾನು ಗಲ್ಲಾದ ಈಚೆಗೆ ಹಾಲಿನ ಕ್ರೇಟು ಮಗುಚಿ ಕೂತು ಅವರ ಕನ್ನಡವನ್ನು ಇಂಗ್ಲಿಷಿಗೆ ತಿರುಗಿಸುತ್ತಿದ್ದೆ. ಸಂಬಳವಿಲ್ಲದ ಕೆಲಸ, ಆದ್ದರಿಂದ ಕಾನೂನಿಗೆ ತಕರಾರಿರಲಿಲ್ಲ. ಆ ದೇಶದಲ್ಲಿ ನನಗಿದ್ದ ಕೆಲಸ ಅದೊಂದೇ. ಬುಧವಾರ ರಾತ್ರಿಯೇ ನಾನು ಸೀರೆಗೆ ಇಸ್ತ್ರಿ ಹಾಕಿಟ್ಟುಕೊಳ್ಳುತ್ತಿದ್ದೆ.

“ಟೀಚರೇ, ಇವತ್ತು ಯಾರ ಮೇಲೆ ಹೋರಾಟ?” ಎಂದು ಸ್ವಾಗತ.

“ನಿಮ್ಮ ಈ ವಿಸ್ಕಿಯ ಮೇಲೆ.”

“ಹಾಗಾದ್ರೆ ಬೇಗ ಕೂತ್ಕೊಳ್ಳಿ, ತುಂಬ ಉಂಟು.”

ತುಂಬ ಇತ್ತು, ನಿಜ. ವಸಾಹತುಗಳ ಕಾಲದಲ್ಲಿ ಇಲ್ಲಿನವರು ಕುಡಿದದ್ದು ರಮ್ಮು; ಅದರ ಬೆಲ್ಲದ ಪಾಕ ಬರುತ್ತಿದ್ದದ್ದು ಕೆರಿಬಿಯನ್ ದ್ವೀಪಗಳ ಗುಲಾಮರ ಕಬ್ಬಿನ ಗದ್ದೆಗಳಿಂದ. ಬ್ರಿಟನ್ನಿನ ಜೊತೆ ಯುದ್ಧವಾಗಿ ಪಾಕ ಬರುವುದು ಕಷ್ಟವಾದಾಗ ಜನ ತಮ್ಮ ಹೊಲದ ಧಾನ್ಯದ ಕಡೆ ತಿರುಗಿದರು. ಐರ್ಲೆಂಡಿನ ಉತ್ತರದಿಂದ ಬಂದ ಸ್ಕಾಟ್ ಮೂಲದವರಿಗೆ, ಜರ್ಮನರಿಗೆ ಭಟ್ಟಿಯ ವಿದ್ಯೆ ಗೊತ್ತಿತ್ತು. ಪೆನ್ಸಿಲ್ವೇನಿಯಾದಲ್ಲಿ ರೈ, ಕೆಂಟಕಿಯಲ್ಲಿ ಮೆಕ್ಕೆಜೋಳ. ಮೆಕ್ಕೆಜೋಳ ಈ ನೆಲದ ಮೂಲನಿವಾಸಿಗಳ ಬೆಳೆ. ಅವರಿಂದ ಬೀಜ ಕಲಿತು, ಅದರಿಂದ ವಿಸ್ಕಿ ಮಾಡಿ, ಅದನ್ನೇ ಅವರಿಗೆ ಮಾರಿ ಹಾಳುಮಾಡಿದ ಚರಿತ್ರೆಯನ್ನು ನಾನು ಬಿಡದೆ ಎರಡನೆಯ ಸಾಲಿಗೆ ಸೇರಿಸುತ್ತಿದ್ದೆ. ಅವರು ಬೇಡ ಅನ್ನಲಿಲ್ಲ. “ಸೇರಿಸಿ. ನನ್ನ ಅಕ್ಕನ ಗಂಡ ಕುಡಿದೇ ಸತ್ತದ್ದು. ಅದನ್ನು ಯಾವ ಬಾಟಲಿಗೆ ಅಂಟಿಸುವುದು, ಅದನ್ನೂ ಹೇಳಿ,” ಎಂದು ಒಮ್ಮೆ ಕೇಳಿದರು. ನಗುತ್ತಿರಲಿಲ್ಲ.

ವಿಸ್ಕಿಯ ತೆರಿಗೆಯ ಕಥೆಯನ್ನು ಅವರು ಹೇಳುತ್ತಿದ್ದ ರೀತಿ ನನಗೆ ಇನ್ನೂ ಕೇಳಿಸುತ್ತದೆ.

“ದೇಶ ಹುಟ್ಟಿದ ಹೊಸತರಲ್ಲೇ ಇವರು ವಿಸ್ಕಿ ಮೇಲೆ ಟ್ಯಾಕ್ಸ್ ಹಾಕಿದ್ರು. ಬೆಟ್ಟದ ಆಚೆಯ ರೈತ ಎಂತ ಮಾಡ್ಬೇಕು? ಧಾನ್ಯದ ಮೂಟೆ ಹೊತ್ತು ಬೆಟ್ಟ ದಾಟಿದ್ರೆ ಕುದುರೆಯ ಹುಲ್ಲಿಗೂ ಹುಟ್ಟುವುದಿಲ್ಲ. ಭಟ್ಟಿ ಇಳಿಸಿದ್ರೆ ಅದೇ ಕುದುರೆ ಸಲೀಸಾಗಿ ಹೊತ್ತುಕೊಂಡು ಹೋಗ್ತದೆ. ಅವನ ಹತ್ರ ನಾಣ್ಯ ಎಲ್ಲುಂಟು? ದೊಡ್ಡ ಭಟ್ಟಿಯವನಿಗೆ ಕಡಿಮೆ ಬೀಳ್ತದೆ, ಸಣ್ಣವನಿಗೆ ಜಾಸ್ತಿ. ತಿರುಗಿ ಬಿದ್ರು. ಅಧ್ಯಕ್ಷರೇ ಸೈನ್ಯ ಕಟ್ಟಿಕೊಂಡು ಹೊರಟ್ರು. ಆಮೇಲೆ ಎಂತ ಆಯ್ತು ಗೊತ್ತುಂಟಾ?”

“ಏನಾಯಿತು?”

“ಅದೇ ಅಧ್ಯಕ್ಷರು ಖುರ್ಚಿ ಬಿಟ್ಟು ಮನೆಗೆ ಹೋದ ಮೇಲೆ ತಮ್ಮ ಎಸ್ಟೇಟಿನಲ್ಲಿ ದೊಡ್ಡ ಭಟ್ಟಿ ಹಾಕಿಸಿದ್ರು! ದುಡಿದದ್ದು ಗುಲಾಮರು.” ಮೇಜಿಗೆ ಒಂದು ಏಟು. “ನನ್ನ ಅಪ್ಪ ಮೂರ್ತೆಯವರು, ತಾಳೆ ಮರ ಹತ್ತಿ ಕಳ್ಳು ಇಳಿಸುವವರು. ಅಬಕಾರಿ ಗಾರ್ಡುಗಳು ಬಂದು ಮಡಕೆ ಒಡೆದದ್ದನ್ನು ನಾನು ನೋಡಿದ್ದೇನೆ. ಒಡೆದವರೇ ಸಂಜೆ ಇನ್ನೊಬ್ಬರ ಮನೆಯಲ್ಲಿ ಕೂತು ಕುಡೀತಿದ್ರು. ಅಲ್ಲಿಯೂ ಅದೇ, ಇಲ್ಲಿಯೂ ಅದೇ.”

ಬರ್ಬನ್ನಿಗೆ ಒಳಗೆ ಸುಟ್ಟ ಹೊಸ ಓಕ್ ಮರದ ಪಾತ್ರೆ ಆಗಬೇಕೆಂದು ಕಾನೂನಿದೆ. ಒಮ್ಮೆ ಬಳಸಿದ ಪೀಪಾಯಿಯನ್ನು ಮತ್ತೆ ಬಳಸುವಂತಿಲ್ಲ. ಅವು ಸ್ಕಾಟ್ಲೆಂಡಿಗೆ ಹೋಗುತ್ತವೆ, ಇಲ್ಲವೇ ಅರ್ಧಕ್ಕೆ ಕೊಯ್ದು ಸರಟೋಗಾದಂಥ ಸಿರಿವಂತರ ಊರುಗಳ ಅಂಗಳದಲ್ಲಿ ಹೂಕುಂಡಗಳಾಗುತ್ತವೆ. ವೀಸಾದ ಮೇಲೆ ತಂದು, ಒಮ್ಮೆ ಹಿಂಡಿ, ಹೊರಗಿಡುವ ಕೆಲಸಗಾರರ ಸ್ಥಿತಿಯೂ ಇದೇ ಎಂದು ನಾನು ದೀರ್ಘವಾಗಿ ವಿವರಿಸಿದೆ. ಅವರು ಕೈ ಮುಗಿದರು.

“ಟೀಚರೇ, ಪೀಪಾಯಿಯನ್ನಾದ್ರೂ ಸುಮ್ಮನೆ ಬಿಡಿ.”

ಅವರೂ ಒಂದು ಅರ್ಧ ಪೀಪಾಯಿ ತಂದು ಅಂಗಡಿಯ ಹಿಂಬದಿಯಲ್ಲಿ ಮೆಣಸಿನ ಗಿಡ ನೆಟ್ಟಿದ್ದರು. ಮೂಲೆಯಲ್ಲಿ ಒಂದು ನುಣುಪಾದ ಕಲ್ಲು. ಕಳೆದುಹೋದದ್ದು ಸಿಕ್ಕಿದರೆ ಅವರ ಕಡೆಯವರು ತಮ್ಮ ದೈವ ಕೊರಗಜ್ಜನಿಗೆ ಕಳ್ಳು, ಚಕ್ಕುಲಿ, ವೀಳ್ಯ ಇಡುತ್ತಾರೆ. ಇಲ್ಲಿ ಕಳ್ಳಿಲ್ಲ. “ಮೆಕ್ಕೆಜೋಳದ್ದು ಇಡ್ತೇನೆ. ಅಜ್ಜನಿಗೂ ಈಗ ಅಭ್ಯಾಸ ಆಗಿದೆ.” ಏನು ಕಳೆದುಕೊಳ್ಳುತ್ತೀರಿ ಎಂದು ಕೇಳಿದೆ. ರಜೆಯ ದಿನ ಅವರು ರೈಲು ಹಿಡಿದು ದೊಡ್ಡ ಗ್ರಂಥಾಲಯಕ್ಕೆ ಹೋಗಿ ಫಿಲ್ಮಿನ ಸುರುಳಿಗಳಲ್ಲಿ ಹಳೆಯ ಪತ್ರಿಕೆ ಓದುತ್ತಿದ್ದರು. ಗುಲಾಮರನ್ನು ಮಾರುವ ಜಾಹೀರಾತುಗಳು, ಓಡಿಹೋದವರನ್ನು ಹಿಡಿದುಕೊಡಿ ಎನ್ನುವ ಜಾಹೀರಾತುಗಳು. ಅಲ್ಲಲ್ಲಿ, ಈತ ಭಟ್ಟಿಯ ಕೆಲಸ ಬಲ್ಲವನು ಎಂಬ ವಿವರ ಇರುತ್ತಿತ್ತು. ಬಹಳ ಕಡೆ ಹೆಸರೇ ಇರುತ್ತಿರಲಿಲ್ಲ. ಇದ್ದರೆ ಬರಿಯ ಒಂದು ಮೊದಲ ಹೆಸರು. ಹಾಗೊಂದು ಹೆಸರು ಸಿಕ್ಕಿದ ದಿನ ಇವರು ಆಪಾರ ಹೊಸ್ತಿಲಿಗೆ ಹೋಗಿ ಚಕ್ಕುಲಿ ತಂದು ಕಲ್ಲಿನ ಮುಂದಿಡುತ್ತಿದ್ದರು. ನಾನು ನೋಡಿದ್ದು ಎರಡೇ ಸಲ. ಉಳಿದ ಬಾಟಲಿಗಳ ಮೂರನೆಯ ಸಾಲು ಒಂದೇ ತರಹ ಇರುತ್ತಿತ್ತು: ದುಡಿದವರು, ಹೆಸರು ಗೊತ್ತಿಲ್ಲ.

ಇನ್ನೊಂದು ಚೀಟಿಯ ಬಗ್ಗೆ ಹೇಳಲೇಬೇಕು. ಹಿಂದಿನ ಸಲದ ಭಟ್ಟಿಯಲ್ಲಿ ಉಳಿದ ಹುಳಿನೀರನ್ನು ಮುಂದಿನ ಸಲದ ನೆನೆಹಾಕಿದ ಧಾನ್ಯಕ್ಕೆ ಸೇರಿಸುವ ಕ್ರಮವೊಂದಿದೆ. ಇದರ ಹಳೆಯ ಬರಹಗಳಲ್ಲೊಂದು ಕೆಂಟಕಿಯ ಒಬ್ಬ ಹೆಂಗಸಿನ ಕೈಬರಹ ಎಂದು ಅವರು ಓದಿ ತಿಳಿದಿದ್ದರು. ಅದನ್ನು ಇಂಗ್ಲಿಷಿನಲ್ಲಿ ಹೇಗೆ ವಿವರಿಸುವುದು ಎಂದು ಇಬ್ಬರೂ ಒದ್ದಾಡಿದೆವು. “ಹೆಪ್ಪು ಹಾಕಿದ ಹಾಗೆ,” ಎಂದರು ಅವರು. ನಾನು ಹಾಗೆಯೇ ಬರೆದೆ: ನಿನ್ನೆಯ ಮೊಸರು ಒಂದು ಚಮಚ ಇವತ್ತಿನ ಬೆಚ್ಚನೆಯ ಹಾಲಿಗೆ; ಪಾತ್ರೆಗೆ ಹಳೆಯ ಹತ್ತಿ ಸೀರೆ ಸುತ್ತಿ ಒಲೆಯ ಪಕ್ಕ ಇಟ್ಟರೆ ಬೆಳಗಾಗುವುದರೊಳಗೆ ಆಗುತ್ತದೆ. ಗಿರಾಕಿಗಳು ಓದಿ ನಗುತ್ತಿದ್ದರು, ಬಾಟಲಿ ಕೊಳ್ಳುತ್ತಿದ್ದರು.

ಎರಡು ಸಾವಿರದ ಬೇಸಿಗೆಯಲ್ಲಿ ಗಂಡನ ಗೆಳೆಯರೊಬ್ಬರು ಹೊಸ ಜಾಲತಾಣವೊಂದನ್ನು ತೋರಿಸಿದರು. ಅಂತರ್ಜಾಲದಲ್ಲಿ ಮದ್ಯ ಮಾರುವ ಕಂಪನಿ. ಹೂಡಿಕೆದಾರರು ಸಾಲು ನಿಂತಿದ್ದಾರಂತೆ. ತೆರೆಯ ಮೇಲೆ ಬಿಳಿ ಗಡ್ಡದ, ಒಣಹುಲ್ಲಿನ ಟೋಪಿಯ ಒಬ್ಬ ಅಜ್ಜನ ಚಿತ್ರ. ಅವನು ತನ್ನ ಟೆನೆಸ್ಸಿ ಬೆಟ್ಟದ ಮನೆಯ ಮಾತುಗಳಲ್ಲಿ ಒಂದೊಂದು ಬಾಟಲಿಯ ಕಥೆ ಹೇಳುತ್ತಾನೆ. ಮೂರನೆಯ ಕಥೆಗೆ ಬಂದಾಗ ನಾನು ಎದ್ದು ನಿಂತೆ. ಆ ಅಜ್ಜನ ಅಜ್ಜಿ ನಿನ್ನೆಯ ಮೊಸರು ಒಂದು ಚಮಚ ಹಾಕಿ, ಪಾತ್ರೆಗೆ ಹಳೆಯ ಹತ್ತಿ ಬಟ್ಟೆ ಸುತ್ತಿ, ಒಲೆಯ ಪಕ್ಕ ಇಡುತ್ತಿದ್ದಳಂತೆ! ಸೀರೆ ಒಂದು ಮಾತ್ರ ಬಟ್ಟೆಯಾಗಿತ್ತು. ಉಳಿದದ್ದು ನನ್ನ ಅಲ್ಪವಿರಾಮಗಳವರೆಗೆ ಹಾಗೆಯೇ ಇತ್ತು. ಕಂಪನಿಯವರು ಅಂಗಡಿಗೆ ಬಂದು ಚೀಟಿಗಳನ್ನು ಬರೆದುಕೊಂಡು ಹೋಗಿದ್ದರು. ಎಲ್ಲವನ್ನೂ ತೆಗೆದುಕೊಂಡವರು ಮೂರನೆಯ ಸಾಲನ್ನು ಮಾತ್ರ ಎಲ್ಲ ಕಡೆಯೂ ಬಿಟ್ಟಿದ್ದರು.

ಗುರುವಾರದವರೆಗೆ ಕಾಯಲಾಗಲಿಲ್ಲ. ಅಚ್ಚು ತೆಗೆದ ಹಾಳೆಗಳನ್ನು ಗಲ್ಲಾದ ಮೇಲೆ ಹರಡಿದೆ.

“ಓಹೋ, ನಮ್ಮ ಹೆಪ್ಪು ಟೆನೆಸ್ಸಿಗೆ ಹೋಗಿದೆ!” ಎಂದು ಅವರು ಮನಸಾರೆ ನಕ್ಕರು.

“ಇದು ಕಳ್ಳತನ ಅಣ್ಣ. ಗುಲಾಮನ ವಿದ್ಯೆ ಕದ್ದು ಧಣಿಯ ಹೆಸರು ಹಾಕಿದರಲ್ಲ, ಅದೇ ಕಳ್ಳತನ.”

“ಇರ್ಲಿ ಟೀಚರೇ. ಎಷ್ಟು ಜನ ಓದ್ತಾರೆ ನೋಡಿ. ಓದ್ಲಿ.”

“ಅವರ ಮೇಲೆ ದೂರು ಕೊಡಬೇಕು. ನಿಮ್ಮ ಹೆಸರಲ್ಲಿ.”

ನಗು ನಿಂತಿತು. ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿ, ಅಂಚು ಸರಿಮಾಡಿ, ನನ್ನ ಕಡೆ ತಳ್ಳಿದರು. “ಎಂತ ಬೇಕಾದ್ರೂ ಬರೀರಿ. ನನ್ನ ಹೆಸರು ಬೇಡ. ಇದೊಂದು ಕೇಳ್ತೇನೆ.”

ಕೇಳಿದ್ದನ್ನು ನಾನು ನಡೆಸಲಿಲ್ಲ. ಸತ್ಯವನ್ನು ಪೂರ್ತಿ ಹೇಳಬೇಕಾದರೆ, ನನ್ನ ಸಿಟ್ಟು ಅವರಿಗಾಗಿ ಮಾತ್ರ ಇರಲಿಲ್ಲ. ಕದ್ದದ್ದು ನನ್ನ ಇಂಗ್ಲಿಷನ್ನೂ, ಆ ದೇಶದಲ್ಲಿ ನಾನು ಮಾಡಿದ್ದ ಒಂದೇ ಕೆಲಸವನ್ನೂ. ಆದರೆ ನನ್ನ ಹೆಸರನ್ನು ಹಾಕಿದರೆ ಹೋರಾಟಕ್ಕೆ ಬಲವಿರಲಿಲ್ಲ. ಬಲವಿದ್ದದ್ದು ಕಳ್ಳು ಇಳಿಸುವವರ ಮಗನ ಹೆಸರಿಗೆ. ಸ್ಥಳೀಯ ಪತ್ರಿಕೆಗೆ ಉದ್ದನೆಯ ಪತ್ರ ಬರೆದೆ. ಎಷ್ಟೋ ಬಾಟಲಿಗಳ ಮೂರನೆಯ ಸಾಲು ಖಾಲಿ ಇದೆ, ಇದೊಂದನ್ನಾದರೂ ಈಗಲೇ ತುಂಬೋಣ ಎಂದು ಬರೆದು, ಅವರ ಪೂರ್ತಿ ಹೆಸರು, ಹಳ್ಳಿಯ ಹೆಸರು, ಕುಲದ ಕಸುಬು, ಅಂಗಡಿಯ ವಿಳಾಸ ಎಲ್ಲವನ್ನೂ ಕೊಟ್ಟೆ. ಅಂಗಡಿಯಲ್ಲಿ ಅವರನ್ನು ಕರೆಯುವ ಗಿಡ್ಡ ಹೆಸರನ್ನು ಬರೆದು, ಅದು ಅವರ ಮೇಲೆ ಹೇರಿದ್ದೆಂದೂ ಸೇರಿಸಿದೆ. ಪತ್ರ ಅಚ್ಚಾಯಿತು. ಅವರ ಹೆಸರು ನಾಲ್ಕು ಕಡೆ ಇತ್ತು.

ಪತ್ರಿಕೆಯನ್ನು ನಾನೇ ಒಯ್ದು ಕೊಟ್ಟೆ, ಬಹುಮಾನ ಕೊಡುವವಳ ಹಾಗೆ. ಅವರು ಕಿವಿಯಿಂದ ಪೆನ್ಸಿಲ್ ತೆಗೆದು ಸಾಲಿನ ಕೆಳಗೆ ಓಡಿಸುತ್ತ ಓದಿದರು. ಮೊದಲ ಸಲ ಹೆಸರು ಬಂದಲ್ಲಿ ಪೆನ್ಸಿಲ್ ನಿಂತಿತು.

“ಹೆಸರು ಹಾಕಿದ್ದೀರಿ.”

“ಹೌದು ಅಣ್ಣ. ಕೊನೆಗೂ.”

“ಊರೂ ಹಾಕಿದ್ದೀರಿ.”

ಪೂರ್ತಿ ಓದಿ ಮುಗಿಸಿದರು. ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡರು. ಅಂಗೈಗಳಲ್ಲಿ ಏನೂ ಇರಲಿಲ್ಲ, ಆದರೂ ಒಂದಕ್ಕೊಂದು ಉಜ್ಜಿಕೊಂಡರು. “ಇಂಗ್ಲಿಷು ಚಂದ ಉಂಟು,” ಎಂದರು. ಗಿರಾಕಿಯೊಬ್ಬ ಬಂದ. ನಾನು ಹೊರಟೆ.

ಮುಂದಿನ ಗುರುವಾರ ಗಲ್ಲಾದ ಹಿಂದೆ ಬೇರೆಯವರಿದ್ದರು. ಹಲಗೆಗಳ ಮೇಲೆ ಚೀಟಿಗಳಿರಲಿಲ್ಲ, ಅಂಟಿನ ಗುರುತುಗಳಿದ್ದವು. ಬೆರಳುದ್ದದ ಬಾಟಲಿಗಳು ಮಿಠಾಯಿಯ ಪಕ್ಕಕ್ಕೆ ಇಳಿದಿದ್ದವು. ಮಾಲೀಕ ನನ್ನನ್ನು ಅಲ್ಲಿ ನಿಲ್ಲಲು ಬಿಡಲಿಲ್ಲ. ನಡೆದದ್ದನ್ನು ಹೇಳಿದವರು ಶಾಹಿದಾ ಆಪಾ, ತಮ್ಮ ಅಂಗಡಿಯ ಅಕ್ಕಿಚೀಲಗಳ ನಡುವೆ ನನ್ನನ್ನು ಕೂರಿಸಿ.

“ಅವರು ಹಡಗಿನಲ್ಲಿ ಅಡುಗೆ ಕೆಲ್ಸಕ್ಕೆ ಇದ್ರಮ್ಮ. ವರ್ಷಗಟ್ಟಲೆ ಸಂಬಳ ಕೊಡ್ಲಿಲ್ಲ, ಪಾಸ್‌ಪೋರ್ಟು ಕಿತ್ತಿಟ್ಕೊಂಡ್ರು. ಓಕ್‌ಲ್ಯಾಂಡಲ್ಲಿ ಇಳಿದೋರು ವಾಪಸ್ ಹತ್ತಲಿಲ್ಲ. ಇಲ್ಲಿ ಇದ್ದದ್ದೆಲ್ಲ ಬೇರೆಯವರ ಕಾಗದದ ಮೇಲೆ, ಬೇರೆಯವರ ಹೆಸರಲ್ಲಿ. ಅಂಗಡೀಲಿ ಅವರನ್ನ ಕರೀತಿದ್ದ ಹೆಸ್ರೇ ಆ ಕಾಗದದ್ದು.”

ಆ ವೆಬ್‌ಸೈಟಿನ ಕಂಪನಿಯ ವಕೀಲರು ಪತ್ರ ನೋಡಿ ಅಂಗಡಿಗೆ ಫೋನು ಮಾಡಿ, ಇಂಥವರು ನಿಮ್ಮಲ್ಲಿ ಇದ್ದಾರೆಯೇ, ಅವರ ದಾಖಲೆ ತೋರಿಸಿ ಎಂದಿದ್ದರು. ಅಚ್ಚಿನಲ್ಲಿದ್ದ ಹೆಸರಿಗೂ ಸಂಬಳದ ಪುಸ್ತಕದ ಹೆಸರಿಗೂ ತಾಳೆಯಾಗಲಿಲ್ಲ. ಮಾಲೀಕ ಹೆದರಿದ. ಇವರು ಅದೇ ಸಂಜೆ ಒಂದು ಕೈಚೀಲ ಹಿಡಿದು ಹೊರಟುಹೋದರು.

“ನನಗೆ ಗೊತ್ತಿರಲಿಲ್ಲ ಆಪಾ.”

“ನಿಮಗೆ ಬೇಡ ಅಂತ ಹೇಳಿದ್ರಂತಲ್ಲಮ್ಮ,” ಎಂದರು ಆಪಾ. ಅವರ ದನಿಯಲ್ಲಿ ಬೈಗುಳ ಇರಲಿಲ್ಲ. ವಿಳಾಸ ಕೇಳಿದೆ. ಕೊಡಲಿಲ್ಲ.

ಆ ಕಂಪನಿ ಮರುವರ್ಷ ಮುಳುಗಿತು. ಬಿಳಿ ಗಡ್ಡದ ಅಜ್ಜನೂ, ಅವನ ಅಜ್ಜಿಯ ಮೊಸರೂ ಒಂದು ದಿನ ತೆರೆಯಿಂದ ಮಾಯವಾದವು. ಮುಳುಗಿದ್ದು ಅದೊಂದೇ ಅಲ್ಲ. ಷೇರುಗಳ ಮಾತಾಡುತ್ತಿದ್ದ ಮನೆಗಳಲ್ಲಿ ಈಗ ಸಾಮಾನು ಕಟ್ಟುತ್ತಿದ್ದರು. ವೀಸಾದ ಗಡುವು ಮುಗಿಯುವುದರೊಳಗೆ ಬೇರೆ ಕೆಲಸ ಸಿಗದಿದ್ದರೆ ದೇಶ ಬಿಡಬೇಕು. ನಾನು ಹೇಳಿದ್ದ ಪೀಪಾಯಿಯ ಮಾತು ನಿಜವಾಗುತ್ತಿತ್ತು. ಹೇಳಿ ತೋರಿಸಲು ಅವರಿರಲಿಲ್ಲ. ಆ ಚಳಿಗಾಲದಲ್ಲಿ ನನಗೆ ಒಂದು ಅಂಚೆಕಾರ್ಡು ಬಂತು. ಕಳುಹಿಸಿದವರ ವಿಳಾಸವಿಲ್ಲ, ಕನ್ನಡದಲ್ಲಿ ಪೆನ್ಸಿಲಿನ ಮೂರು ಸಾಲು.

ಧಾನ್ಯ: ಬಾದಾಮಿ, ಸಿಪ್ಪೆ ಸಹಿತ.
ನೆಲ, ನೀರು: ಎರಡೂ ಒಣಗಿದ್ದು. ಮಂಜು ಚೆನ್ನಾಗುಂಟು.
ದುಡಿದವರು: ಹೆಸರು ಬೇಡ.

ಅದನ್ನು ಓದಿ ನಾನು ನಕ್ಕೆ. ಗಂಡ ಮನೆಗೆ ಬಂದಾಗ ನಾನು ಇನ್ನೂ ಅದೇ ಕುರ್ಚಿಯಲ್ಲಿದ್ದೆ, ದೀಪ ಹಾಕಿರಲಿಲ್ಲ.

ಅದಾಗಿ ಎಂಟು ವರ್ಷ. ಕೆಲಸ ಮಾಡುವ ಹಕ್ಕು ನನಗೂ ಸಿಕ್ಕಿತು. ಕಾಗದವಿಲ್ಲದ ಕೂಲಿಕಾರರಿಗೆ ಬಾಕಿ ಸಂಬಳ ಕೊಡಿಸುವ ಒಂದು ಸಣ್ಣ ಕಚೇರಿಯಲ್ಲಿ ದುಡಿಯುತ್ತೇನೆ. ಅಲ್ಲಿಗೆ ಬಂದವರನ್ನು ಮೊದಲು ಕೇಳುವ ಪ್ರಶ್ನೆ, ನಿಮ್ಮನ್ನು ಏನೆಂದು ಕರೆಯಲಿ ಎಂಬುದು. ಕಳೆದ ತಿಂಗಳು ಆಪಾ ಫೋನು ಮಾಡಿ ಬರಹೇಳಿದರು. ಅಣ್ಣ ಸ್ಟಾಕ್ಟನ್ನಿನ ಆಚೆ ಬಾದಾಮಿ ಒಡೆಯುವ ಕಾರ್ಖಾನೆಯೊಂದರಲ್ಲಿದ್ದರಂತೆ, ಅಲ್ಲೇ ಎದೆನೋವು ಬಂದು ತೀರಿಕೊಂಡರಂತೆ. ಅಲ್ಲಿಯ ಜೊತೆಗಾರರು ಸುಟ್ಟು ಬೂದಿಯನ್ನು ನದಿಗೆ ಬಿಟ್ಟಿದ್ದರು. ಮರಣದ ಕಾಗದದ ಮೇಲೂ ಬೇರೆಯವರ ಹೆಸರೇ.

ಆ ಜೊತೆಗಾರರು ತಲುಪಿಸಿದ್ದ ಒಂದು ಶೂ ಡಬ್ಬಿಯನ್ನು ಆಪಾ ಕೊಟ್ಟರು. ತುಂಬ ಚೀಟಿಗಳು, ಬೆನ್ನಿಗೆ ಒಣಗಿದ ಅಂಟು. ಅಡಿಯಲ್ಲಿ ನಾಲ್ಕು ಮಡಿಕೆಯ ಪತ್ರಿಕೆ. ಬಿಡಿಸಿದೆ. ನನ್ನ ಪತ್ರ ಪೂರ್ತಿ ಇತ್ತು, ಮಡಿಕೆಗಳು ಸವೆದು ಹೋಗುವಷ್ಟು ಸಲ ತೆರೆದು ಓದಿದ್ದರು. ನಾಲ್ಕು ಕಡೆ ಬ್ಲೇಡಿನಿಂದ ನೀಟಾಗಿ ಕೊಯ್ದ ಸಣ್ಣ ಆಯತಗಳು. ಅವುಗಳಿಂದ ಆಪಾರ ಅಂಗಡಿಯ ಬೆಳಕು ಕಾಣುತ್ತಿತ್ತು.

“ಈ ತೂತುಗಳಲ್ಲಿ ಅವರ ಹೆಸರು ಇತ್ತಾ?” ಎಂದು ಆಪಾ ಕೇಳಿದರು.

“ನೀವು ಆಗ ಓದಲಿಲ್ಲವೇ? ಇದೇ ಊರಿನ ಪತ್ರಿಕೆ.”

“ನೋಡ್ಬೇಡಿ ಆಪಾ ಅಂತ ಹೇಳಿ ಹೋಗಿದ್ರು. ನೋಡ್ಲಿಲ್ಲ.” ಒಂದು ತೂತಿನ ಅಂಚನ್ನು ಬೆರಳಿನಿಂದ ಮುಟ್ಟಿ, “ಈಗ ದುವಾ ಮಾಡೋವಾಗ ಯಾರಿಗೆ ಅಂತ ಹೇಳ್ಲಿ? ಆ ಕಾಗದದ ಹೆಸ್ರು ಬಾಯಿಗೆ ಬರೋಲ್ಲ. ನಿಜವಾದ್ದೇನಮ್ಮ ಅವರದು?” ಎಂದರು.

ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಆದರೂ ನಾನು ಬಾಗಿಲ ಕಡೆ ಒಮ್ಮೆ ನೋಡಿದೆ. ಹತ್ತಿರ ಹೋಗಿ, ಅವರ ತಲೆವಸ್ತ್ರದ ಪಕ್ಕ ಬಾಯಿಟ್ಟು, ಹೇಳಿದೆ. ಆಪಾ ಅದನ್ನು ತಮ್ಮಷ್ಟಕ್ಕೆ ಒಮ್ಮೆ ಹೇಳಿಕೊಂಡರು. ಇನ್ನೊಬ್ಬರ ಬಾಯಲ್ಲಿ ಆ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು.

ಹೊರಡುವಾಗ ಅವರು ಹಲಗೆಯಿಂದ ಒಂದು ಪ್ಯಾಕೆಟ್ ಚಕ್ಕುಲಿ ತೆಗೆದು ಕೈಗಿತ್ತರು. “ಭಾಯಿ ಯಾವಾಗ್ಲೂ ಇದನ್ನೇ ಒಯ್ತಿದ್ರು. ಯಾಕೆ ಅಂತ ನಾನು ಕೇಳ್ಲಿಲ್ಲ. ಹಿಂದುಗಡೆ ಗಿಡ ಇನ್ನೂ ಇದೆ, ನೀರು ಹಾಕ್ತಾ ಇದ್ದೀನಿ.”

ಎರಡು ಅಂಗಡಿ ಆಚೆಯ ಬಾಗಿಲನ್ನು ತಳ್ಳಿ ಒಳಗೆ ಹೋದೆ. ಮಾಲೀಕ ಬೇರೆ, ಹಲಗೆಗಳು ಬೇರೆ. ಜೀವನದಲ್ಲಿ ಮೊದಲ ಸಲ ಮದ್ಯ ಕೊಂಡೆ. ಮಿಠಾಯಿಯ ಪಕ್ಕದಿಂದ ಬೆರಳುದ್ದದ ಒಂದು ಬರ್ಬನ್ ಬಾಟಲಿ. ವಯಸ್ಸು ಎಷ್ಟೇ ಇರಲಿ ಗುರುತಿನ ಚೀಟಿ ತೋರಿಸಬೇಕೆಂಬುದು ಅಲ್ಲಿಯ ನಿಯಮ. ಗಲ್ಲಾದ ಹುಡುಗಿ ನನ್ನ ಹೆಸರನ್ನು ಗಟ್ಟಿಯಾಗಿ, ತಪ್ಪಾಗಿ ಓದಿ, ಸರಿಯೇ ಎಂದು ಕೇಳಿದಳು. ಸರಿ ಎಂದೆ.

ಹಿಂಬದಿಯ ಅರ್ಧ ಪೀಪಾಯಿಯ ಬಳೆಗಳು ತುಕ್ಕು ಹಿಡಿದು ಜಾರಿದ್ದವು, ಆಪಾ ತಂತಿ ಬಿಗಿದಿದ್ದರು. ಕಲ್ಲು ಇದ್ದಲ್ಲೇ ಇತ್ತು. ಚಕ್ಕುಲಿ ಇಟ್ಟು ಬಾಟಲಿಯನ್ನು ಬಗ್ಗಿಸಿದೆ. ಕೊನೆಯ ನಾಲ್ಕು ಹನಿಗಳನ್ನು ಅಂಗೈಗೆ ಹಾಕಿಕೊಂಡು ಉಜ್ಜಿ, ಮುಖಕ್ಕೆ ಮುಚ್ಚಿಕೊಂಡೆ. ಖಾರ ಹಾರಿ ಹೋಗುವವರೆಗೆ ಕಾಯಬೇಕು ಎಂದು ಅವರು ಹೇಳುತ್ತಿದ್ದರು. ನಾನು ಕಾದೆ.